ಚಾಳೀಸು ಬಂದ ಮೈಕು

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬನಿಗೆ ಕಿವಿಯ ವಿಷಯದಲ್ಲಿ 'ತಜ್ಞ' ಎಂಬ ಬಿರುದು ಬಂದದ್ದು ಒಂದು ಬೀಳ್ಕೊಡುಗೆ ಸಮಾರಂಭದಲ್ಲಿ. ಅಂಗಡಿಯ ಹಳೆಯ ಗುಮಾಸ್ತರು ನಿವೃತ್ತರಾಗುತ್ತಿದ್ದರು. ಮಾಲೀಕರು ಭಾಷಣಕ್ಕೆ ನಿಂತ ಕೂಡಲೇ ಮೈಕು ಕುಂಯ್ಯೋ ಎಂದು ಕಿರುಚತೊಡಗಿತು. ಸಭೆಯೆಲ್ಲ ಕಿವಿ ಮುಚ್ಚಿಕೊಂಡಿತು. ಆಗ ಹಿಂದಿನ ಸಾಲಿನಿಂದ ಎದ್ದು ಬಂದ ನಮ್ಮ ಕಥಾನಾಯಕ, ವೇದಿಕೆಯ ಪಕ್ಕದ ಸ್ಪೀಕರಿನ ಮೇಲೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವನ ಹಾಗೆ ಅಂಗೈ ಇಟ್ಟ. ಕಿರುಚಾಟ ನಿಂತೇಹೋಯಿತು. ಅದೇ ಕ್ಷಣಕ್ಕೆ ಬೀದಿಯ ಕರೆಂಟೂ ಹೋಗಿತ್ತು ಎಂಬುದನ್ನು, ಹಗಲಾದ್ದರಿಂದ, ಯಾರೂ ಗಮನಿಸಲಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಹಾಗೆ. ಆದರೆ ಕೊಂಬೆ ಮುರಿದ ಕೀರ್ತಿ ತನಗೆ ಬೇಡ ಎಂದ ಕಾಗೆಯನ್ನು ಈವರೆಗೆ ಯಾರೂ ಕಂಡಿಲ್ಲ.

"ಭಲೆ ತಜ್ಞರೇ!" ಎಂದು ಮಾಲೀಕರು ಬೆನ್ನು ತಟ್ಟಿದರು. ಅವತ್ತಿನಿಂದ ಅವನು ತಜ್ಞ. ಪಕ್ಕದ ಮನೆಯ ಮಿಕ್ಸಿ ಸದ್ದು ಮಾಡಿದರೆ ಅವನಿಗೇ ಕರೆ. ಅವನು ಹೋಗಿ, ಮಿಕ್ಸಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ, "ಬೇರಿಂಗು" ಎನ್ನುತ್ತಿದ್ದ. ಫ್ಯಾನಿಗೂ ಬೇರಿಂಗು, ಸ್ಕೂಟರಿಗೂ ಬೇರಿಂಗು. ಒಮ್ಮೊಮ್ಮೆ ನಿಜವಾಗಿಯೂ ಬೇರಿಂಗೇ ಹೋಗಿರುತ್ತಿದ್ದುದರಿಂದ ಬಿರುದಿಗೆ ಧಕ್ಕೆ ಬರಲಿಲ್ಲ.

ಅವನ ಹೆಂಡತಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಅವಳ ದನಿ ಕೇಳಿದರೆ ಅರ್ಧ ಕಾಯಿಲೆ ವಾಸಿಯಾಗುತ್ತದೆ ಎಂದು ರೋಗಿಗಳು ಹೇಳುತ್ತಿದ್ದರು. ಅರ್ಧ ಕಾಯಿಲೆ ಹೀಗೆ ಪುಕ್ಕಟೆಯಾಗಿ ವಾಸಿಯಾಗುವುದು ಆಸ್ಪತ್ರೆಯವರಿಗೆ ಇಷ್ಟವಾಗಲಿಲ್ಲವೋ ಏನೋ, 'ಒಂದನ್ನು ಒತ್ತಿ, ಎರಡನ್ನು ಒತ್ತಿ' ಎನ್ನುವ ಯಂತ್ರ ತಂದು ಕೂರಿಸಿ, ಇವಳಿಗೆ ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಗಡಿಯಾರ ನೋಡುತ್ತ ಮನೆಯಲ್ಲಿ ಕೂತವಳಿಗೆ, ಶಾಲೆಯ ಪಾಠಗಳನ್ನು ಓದಿಸಿ 'ಕೇಳುವ ಪುಸ್ತಕ' ಮಾಡುವ ಕಂಪನಿಯೊಂದು ಓದುವವರನ್ನು ಹುಡುಕುತ್ತಿದೆ ಎಂದು ತಿಳಿಯಿತು. ಫೋನ್ ಮಾಡಿದಳು. ಕಂಪನಿಯ ಹುಡುಗಿ, "ದನಿ ಚೆನ್ನಾಗಿದೆ ಮೇಡಂ. ಒಂದು ಪಾಠ ಪೂರ್ತಿ ಓದಿ, ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ ಶನಿವಾರ ಸಂಜೆಯೊಳಗೆ ಕಳಿಸಿ. ಇನ್ನೊಬ್ಬರೂ ಇದ್ದಾರೆ. ಇಬ್ಬರಲ್ಲಿ ಒಬ್ಬರನ್ನ ತಗೋತೀವಿ" ಎಂದಳು.

"ಈ ಕೆಲಸ ನನಗೆ ಬೇಕೇ ಬೇಕು ರೀ," ಎಂದಳು ಹೆಂಡತಿ. "ಮನೇಲಿ ಕೂತು ಕೂತು, ಕುಕ್ಕರ್ ಕೂಗಿದ್ರೂ 'ನಮಸ್ಕಾರ, ಯಾರು ಬೇಕಾಗಿತ್ತು' ಅಂತಿದ್ದೀನಿ."

"ಸ್ಟುಡಿಯೋ ತಾನೆ? ನಾನಿದ್ದೀನಲ್ಲ," ಎಂದ ತಜ್ಞ.

'ನಾನಿದ್ದೀನಲ್ಲ' ಎಂಬ ಮಾತಿನಿಂದ ಈ ಲೋಕದಲ್ಲಿ ಆಗಿರುವಷ್ಟು ಅನಾಹುತ ಬೆಂಕಿಯಿಂದಲೂ ಆಗಿಲ್ಲ.

ಸ್ಟುಡಿಯೋ ಎಂದರೆ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯ ಕೋಣೆ. ಅದನ್ನು ಬಾಡಿಗೆಗೆ ಹಿಡಿದಿದ್ದ ಪಿಟೀಲು ಮೇಷ್ಟ್ರು, ಶಿಷ್ಯರಿಗೆ ಪಾಠ ರೆಕಾರ್ಡ್ ಮಾಡಿ ಕಳಿಸುವ ಆಸೆಯಿಂದ ಗೋಡೆಗೆಲ್ಲ ಮೊಟ್ಟೆಯ ಟ್ರೇಗಳನ್ನೂ ಹಳೆಯ ಹಾಸಿಗೆಗಳನ್ನೂ ಹೊಡೆಸಿದ್ದರು. ಬಾಗಿಲಿಗೆ ಎರಡು ಪದರ ಕಂಬಳಿ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ತನ್ನ ಉಸಿರು ತನಗೇ ಕೇಳಿ ಮನುಷ್ಯ ಗಾಬರಿಯಾಗಬೇಕು, ಹಾಗಿತ್ತು. ಮೇಷ್ಟ್ರ ಹತ್ತಿರ ಕೋಣೆ ಇತ್ತು, ಮೈಕು ಇರಲಿಲ್ಲ. ತಜ್ಞನ ಹತ್ತಿರ ಆಗಷ್ಟೇ ಕೊಂಡ ಮೈಕು ಇತ್ತು, ಕೋಣೆ ಇರಲಿಲ್ಲ. ಬೆಳಿಗ್ಗೆ ಅವಳ ಓದು, ಸಂಜೆ ಇವರ ಪಿಟೀಲು ಎಂದು ಒಪ್ಪಂದವಾಯಿತು. ಎದುರು ಬಾಗಿಲು ಹಲ್ಲಿನ ಡಾಕ್ಟರದು. ನಡುವಿನ ಓಣಿಯಂಥ ವರಾಂಡದಲ್ಲಿ ಒಂದು ಮರದ ಬೆಂಚು. ದವಡೆ ಹಿಡಿದುಕೊಂಡ ರೋಗಿಗಳು ಅದರ ಮೇಲೆ ಕೂತು ತಮ್ಮ ಸರದಿ ಕಾಯುತ್ತಿದ್ದರು.

ಜೋಡಣೆಯ ದಿನ ತಜ್ಞ ರಜೆ ಹಾಕಿ, ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದ. ಮೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ಎಂಜಲು ಹಾರದಿರಲಿ ಎಂದು ಅದರ ಮುಂದೆ ಬಳೆಗೆ ಕಾಲುಚೀಲ ಬಿಗಿದಂಥ ಒಂದು ಜರಡಿ ಸಿಕ್ಕಿಸಿದ. ಮೈಕಿನಿಂದ ಒಂದು ವೈರು ಸಣ್ಣ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಇನ್ನೊಂದು ವೈರು ಲ್ಯಾಪ್‌ಟಾಪಿಗೆ. ಪೆಟ್ಟಿಗೆಯಲ್ಲಿ ಕೆಂಪು ದೀಪ ಹೊತ್ತಿಕೊಂಡಾಗ ಮೇಷ್ಟ್ರು ಅರಿವಿಲ್ಲದೆ ಚಪ್ಪಲಿ ಬಿಟ್ಟರು.

"ಲ್ಯಾಪ್‌ಟಾಪು ಉಸಿರಾಡುತ್ತೆ ಮೇಷ್ಟ್ರೇ," ಎಂದ ತಜ್ಞ. "ಒಳಗೊಂದು ಫ್ಯಾನಿದೆ. ಇಲ್ಲೇ ಇಟ್ರೆ ಆ ಸದ್ದೂ ರೆಕಾರ್ಡ್ ಆಗುತ್ತೆ. ಇದನ್ನ ಆಚೆ ಇಡಬೇಕು."

ಇದು ನಿಜವೇ. ತಜ್ಞರಿಂದ ಇರುವ ಅಪಾಯವೇ ಅದು, ಅವರು ಎಲ್ಲವನ್ನೂ ತಪ್ಪು ಹೇಳುವುದಿಲ್ಲ.

ಗೋಡೆಗೆ ತೂತು ಕೊರೆದದ್ದಾಯಿತು. ಸದ್ದು ಕೇಳಿ ಕಟ್ಟಡದ ಯಜಮಾನರು ಕೆಳಗಿನಿಂದ ಓಡಿ ಬಂದರು.

"ಯಾರನ್ನ ಕೇಳಿ ಕೊರೆದ್ರಿ?"

"ವಿಜ್ಞಾನಕ್ಕೋಸ್ಕರ ಯಜಮಾನ್ರೇ."

"ವಿಜ್ಞಾನಕ್ಕೆ ನಿಮ್ಮ ಮನೆ ಗೋಡೆ ಇರಲಿಲ್ವಾ?"

ತೂತಿನಿಂದ ವೈರು ಹೊರಗೆ ಬಂತು. ಲ್ಯಾಪ್‌ಟಾಪು ವರಾಂಡದಲ್ಲಿ, ರೋಗಿಗಳ ಬೆಂಚಿನ ಪಕ್ಕದಲ್ಲೇ, ಒಂದು ಸ್ಟೂಲಿನ ಮೇಲೆ ಕೂತಿತು. ಇನ್ನುಳಿದದ್ದು ಸಾಫ್ಟ್‌ವೇರು. ಹಾಕುವಾಗ ಪರದೆಯ ಮೇಲೆ ಪ್ರಶ್ನೆಯ ಮೇಲೆ ಪ್ರಶ್ನೆ. ಅದರಲ್ಲಿ ಒಂದು: ಯಾವ ಮೈಕಿನಿಂದ ಧ್ವನಿ ತೆಗೆದುಕೊಳ್ಳಲಿ? ಕೆಳಗೆ ಎರಡು ಹೆಸರು. ಮೊದಲನೆಯದು, ಲ್ಯಾಪ್‌ಟಾಪಿನೊಳಗೇ ಸಾಸಿವೆ ಕಾಳಿನಷ್ಟು ಇರುವ ಅದರ ಸ್ವಂತ ಮೈಕು. ಎರಡನೆಯದು, ಒಳಗೆ ಸ್ಟ್ಯಾಂಡಿನ ಮೇಲೆ ನಿಂತಿದ್ದ ಹೊಸ ಮೈಕು. ತಜ್ಞ ಓದಲಿಲ್ಲ. ಅಲ್ಲಿಯವರೆಗಿನ ಎಲ್ಲ ಪ್ರಶ್ನೆಗಳಿಗೂ 'ಸರಿ' ಒತ್ತುತ್ತ ಬಂದವನು ಇದಕ್ಕೂ 'ಸರಿ' ಒತ್ತಿದ. ಸಾಫ್ಟ್‌ವೇರು ಮೊದಲನೆಯದನ್ನು ಆರಿಸಿಕೊಂಡು ಸುಮ್ಮನಾಯಿತು.

ಅಂದರೆ, ಓದುಗರಿಗೆ ಸ್ಪಷ್ಟವಾಗಿರಲಿ, ಕೋಣೆಯೊಳಗಿನ ಮೈಕು ಆ ಕ್ಷಣದಿಂದ ಬರೀ ಅಲಂಕಾರ. ನಿಜವಾಗಿ ಕೇಳಿಸಿಕೊಳ್ಳುತ್ತಿದ್ದದ್ದು ವರಾಂಡದ ಲ್ಯಾಪ್‌ಟಾಪು. ಇದು ನಿಮಗೆ ಗೊತ್ತು, ನನಗೆ ಗೊತ್ತು. ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ವರಾಂಡದಲ್ಲಿಟ್ಟ ಲ್ಯಾಪ್‌ಟಾಪನ್ನು ಯಾರಾದರೂ ಹೊತ್ತೊಯ್ದರೆ? ಕಾವಲಿಗೆ ತಜ್ಞನ ಅತ್ತೆ, ಹೆಂಡತಿಯ ತಾಯಿ, ಬಂದು ಬೆಂಚಿನ ತುದಿಯಲ್ಲಿ ಕೂತರು. ಮಡಿಲಲ್ಲಿ ಸುಲಿಯಲು ಬಟಾಣಿ, ಪಕ್ಕದಲ್ಲಿ ಕೇಳಲು ಜನ. ಅವರಿಗೆ ಇನ್ನೇನೂ ಬೇಕಿರಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಒಳಗೆ ಹೋಗಿ, ಮೈಕಿನ ಮುಂದೆ ಕೂತು, 'ಜೇನುಹುಳುಗಳ ಜೀವನ' ಎಂಬ ಪಾಠವನ್ನು ಮನಸ್ಸಿಟ್ಟು ಓದಿದಳು. ತಜ್ಞ ಕೈ ಎತ್ತಿ, ಕೈ ಇಳಿಸಿ, ಕಣ್ಣು ಮುಚ್ಚಿ ಏನೇನೋ ಸನ್ನೆ ಮಾಡಿದ. ಮುಗಿದ ಮೇಲೆ ಇಬ್ಬರೂ ಹೊರಗೆ ಬಂದು ಹೆಡ್‌ಫೋನಿನ ಒಂದೊಂದು ಕಿವಿ ಹಂಚಿಕೊಂಡು ಕೇಳಿದರು.

ಜೇನುಹುಳು ಎಲ್ಲೋ ಬಾವಿಯ ತಳದಲ್ಲಿ ಗುಂಯ್‌ಗುಡುತ್ತಿತ್ತು. ಅದರ ಮೇಲೆ, ಕಿವಿಯ ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ, ಅತ್ತೆಯ ದನಿ: "ನಮ್ಮ ಅಳಿಯಂದ್ರು ಒಳ್ಳೇವ್ರು ಕಣಮ್ಮ. ಒಳ್ಳೇವ್ರು ಅಂದ್ರೇನು, ಕೆಟ್ಟ ಕೆಲಸ ಮಾಡೋಕೂ ಒಂದಿಷ್ಟು ತಿಳುವಳಿಕೆ ಬೇಕಲ್ಲ."

ಹೆಂಡತಿ ಹೆಡ್‌ಫೋನ್ ತೆಗೆದಿಟ್ಟು ಗೋಡೆ ನೋಡಿದಳು. ತಜ್ಞ ಅತ್ತೆಯನ್ನು ನೋಡಿದ. ಅತ್ತೆ ಬಟಾಣಿ ನೋಡಿದರು.

ಸಂಜೆ ಮೇಷ್ಟ್ರ ಸರದಿ. ಬಾಗಿಲು ಹಾಕಿಕೊಂಡು, ಬೆವರು ಸುರಿಸಿ ನುಡಿಸಿದರು. ಮೊದಲ ರೆಕಾರ್ಡಿಂಗ್ ಎಂದು ಯಜಮಾನರನ್ನೂ ಹಲ್ಲಿನ ಡಾಕ್ಟರನ್ನೂ ಕರೆದು ಎಲ್ಲರಿಗೂ ಕೇಳುವ ಹಾಗೆ ಹಾಕಿಸಿದರು. ಪಿಟೀಲು ಸೊಳ್ಳೆಯ ಹಾಗೆ ಕೇಳುತ್ತಿತ್ತು. ಅದರ ಮುಂದೆ ಯಜಮಾನರ ದನಿ, ಗಂಟೆ ಬಾರಿಸಿದಂತೆ: "ಈ ಡಾಕ್ಟ್ರ ಕೈಗೆ ಹಲ್ಲು ಕೊಡೋದೂ ಒಂದೇ, ಗುದ್ದಲಿಗೆ ಕೊಡೋದೂ ಒಂದೇ. ನಾನು ನಂದನ್ನ ಬೇರೆ ಕಡೆ ತೋರಿಸ್ತೀನಪ್ಪ." ಆಮೇಲೆ ಡಾಕ್ಟರ ದನಿ, ಯಾರೋ ರೋಗಿಯ ಜೊತೆ: "ಆ ಪಿಟೀಲು ಶುರುವಾದ್ರೆ ನನಗೆ ಅನುಕೂಲಾನೇ. ಹೇಳೋದೇ ಬೇಡ, ಜನ ತಾವಾಗೇ ಬಾಯಿ ತೆಗೆದು ಅಳ್ತಾರೆ."

"ಗುದ್ದಲಿ?" ಎಂದರು ಡಾಕ್ಟರು.

"ಅಳ್ತಾರಾ?" ಎಂದರು ಮೇಷ್ಟ್ರು.

"ಗೋಡೆ ಆಚೆ ಆಡಿದ ಮಾತು ಇದಕ್ಕೆ ಹೆಂಗೆ ಕೇಳ್ತು?" ಎಂದರು ಯಜಮಾನರು. ಮೂವರೂ ಒಟ್ಟಿಗೆ ತಜ್ಞನ ಕಡೆ ತಿರುಗಿದರು.

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ 'ಗೊತ್ತಿಲ್ಲ' ಎನ್ನುತ್ತಿದ್ದರು. ತಜ್ಞ ಒಳಗೆ ಹೋಗಿ ಮೈಕಿನ ಸುತ್ತ ಪ್ರದಕ್ಷಿಣೆ ಹಾಕಿ, ಅದರ ಮುಖಕ್ಕೆ ಮುಖ ಕೊಟ್ಟು ನೋಡಿ ಹೊರಗೆ ಬಂದ. ವರ್ಷಗಟ್ಟಲೆ ಕನ್ನಡಕ ಮಾರಿದವನ ಬುದ್ಧಿ ತನಗೆ ಗೊತ್ತಿದ್ದ ದಾರಿಯಲ್ಲೇ ಓಡಿತ್ತು.

"ಹತ್ತಿರ ಕೂತು ಓದಿದ್ದು ಕೇಳಲ್ಲ. ದೂರ ಕೂತು ಆಡಿದ್ದು ಸ್ಪಷ್ಟವಾಗಿ ಕೇಳುತ್ತೆ. ಇದಕ್ಕೆ ಏನಂತಾರೆ ಹೇಳಿ?"

ಡಾಕ್ಟರು ದವಡೆ ಕೆರೆದುಕೊಂಡರು.

"ಚಾಳೀಸು," ಎಂದ ತಜ್ಞ. "ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಕಾಣಲ್ವಲ್ಲ, ಅದೇ. ಮೈಕಿಗೆ ಚಾಳೀಸು ಬಂದಿದೆ."

"ಹೊಸ ಮೈಕಿಗಾ?" ಎಂದಳು ಹೆಂಡತಿ.

"ಕೆಲವರಿಗೆ ಬೇಗ ಬರುತ್ತೆ. ಮೊನ್ನೆ ಅಂಗಡಿಗೆ ಇನ್ನೂ ಮದುವೆಯಾಗದ ಹುಡುಗ ಬಂದಿದ್ದ."

ಪರೀಕ್ಷೆ ನಡೆಯಿತು. ಹೆಂಡತಿ ಮೈಕಿನಿಂದ ದೂರ, ಕೋಣೆಯ ಮೂಲೆಯಲ್ಲಿ ನಿಂತು ಓದಿದಳು. ದನಿ ಬಾವಿಯಲ್ಲೇ ಇತ್ತು. ಬಾಗಿಲು ತೆಗೆದು ಹೊಸಿಲ ಮೇಲೆ ನಿಂತಳು. ಬಾವಿಯಿಂದ ಅರ್ಧ ಮೇಲೆ ಬಂತು. ಕೊನೆಗೆ ಬಾಗಿಲು ಹಾಕಿ, ಮೈಕನ್ನು ಕತ್ತಲ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟು, ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪಿನ ಪಕ್ಕ ಕೂತು ಓದಿದಳು. ಜೇನುಹುಳುವಿನ ರೆಕ್ಕೆ ಬಡಿತ ಕೂಡ ಕೇಳುವಷ್ಟು ಚೆನ್ನಾಗಿ ಬಂತು.

ತಪ್ಪು ಸಿದ್ಧಾಂತವೊಂದು ಪ್ರಯೋಗದಲ್ಲಿ ಗೆದ್ದರೆ ಅದನ್ನು ಸೋಲಿಸುವುದು ಬ್ರಹ್ಮನಿಂದಲೂ ಆಗದು. ಮೇಷ್ಟ್ರು ತಜ್ಞನ ಕೈ ಕುಲುಕಿದರು. ಮರುದಿನ ಸಂಜೆ ಅವರೂ ಬೆಂಚಿನ ಮೇಲೆ, ಇಬ್ಬರು ಹಲ್ಲುನೋವಿನವರ ಮಧ್ಯೆ ಜಾಗ ಮಾಡಿಕೊಂಡು ಪಿಟೀಲು ನುಡಿಸಿದರು. ಇಬ್ಬರಲ್ಲಿ ಒಬ್ಬರಿಗೆ ನೋವು ಹೋಯಿತು, ಅಥವಾ ಹೋಯಿತೆಂದು ಹೇಳಿ ಮನೆಗೆ ಹೋದರು.

ಗೋಡೆಯಾಚೆಯ ಮಾತು ಕೇಳುವ ಯಂತ್ರ ಬಂದಿದೆ ಎಂಬ ಸುದ್ದಿ ಕಟ್ಟಡದಲ್ಲೆಲ್ಲ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಜನ ಪಿಸುಗುಡತೊಡಗಿದರು. ಯಜಮಾನರು ವರಾಂಡಕ್ಕೆ ಬಂದರೆ ಸ್ಟುಡಿಯೋದ ಬಾಗಿಲಿಗೆ ಮುಖ ಮಾಡಿ, "ಡಾಕ್ಟ್ರು ಅಂದ್ರೆ ಚಿನ್ನದಂಥ ಮನುಷ್ಯ! ಎಂಥ ಹಗುರ ಕೈ!" ಎಂದು ಗಟ್ಟಿಯಾಗಿ ಹೇಳಿ ಇಳಿದು ಹೋಗುತ್ತಿದ್ದರು. ಡಾಕ್ಟರು ತಮ್ಮ ಕೋಣೆಯಲ್ಲಿ ನರ್ಸಿಗೆ ಇಕ್ಕಳ ಬೇಕೆಂದು ಕೈಸನ್ನೆ ಮಾಡಿ, ಕತ್ತರಿ ಪಡೆದು, ರೋಗಿಯ ಎದೆ ಒಡೆಸುತ್ತಿದ್ದರು. ಅತ್ತೆಯೊಬ್ಬರೇ ಬದಲಾಗಲಿಲ್ಲ. "ಕೇಳಲಿ ಬಿಡು. ನಾನು ಹೇಳೋದನ್ನ ಕೇಳೋರು ಈ ಮನೇಲಿ ಒಬ್ಬರಾದ್ರೂ ಆದ್ರಲ್ಲ" ಎಂದರು.

ಡಾಕ್ಟರಿಗೆ ತಡೆಯಲಾಗಲಿಲ್ಲ. ಪುರಸಭೆಗೆ ದೂರು ಕೊಟ್ಟರು. ಶನಿವಾರ ಬೆಳಿಗ್ಗೆ, ಹೆಂಡತಿ ಅಂತಿಮವಾಗಿ ಓದಿ ಕಳಿಸಬೇಕಾದ ದಿನವೇ, ದೂರು ವಿಭಾಗದ ಸಾಹೇಬರು ಮೆಟ್ಟಿಲು ಹತ್ತಿ ಬಂದರು. ಅವರಿಗೆ ಹುಳುಕು ಹಲ್ಲೊಂದಿತ್ತು. ಸರ್ಕಾರಿ ಕೆಲಸವೂ ಸ್ವಂತ ಕೆಲಸವೂ ಒಂದೇ ಮಹಡಿಯಲ್ಲಿ ಸಿಗುವುದು ಅಪರೂಪ. ಮೊದಲು ಡಾಕ್ಟರ ಹತ್ತಿರ ಹೋಗಿ ಮರಗಟ್ಟುವ ಇಂಜೆಕ್ಷನ್ ಹಾಕಿಸಿಕೊಂಡು, ಅದು ಏರುವವರೆಗೆ ಬೆಂಚಿನ ಮೇಲೆ ಕೂತರು. ಅಷ್ಟರಲ್ಲಿ ಮೇಲಧಿಕಾರಿಯ ಫೋನು.

"ಹಾಂ ಹಾರ್... ನೀರಿನ ಟ್ಯಾಂಕಿನ ಮೇಲೇ ನಿಂತಿದ್ದೀನಿ ಹಾರ್... ಕುಡಿದಿಲ್ಲ ಹಾರ್, ಗಾಳಿ ಜೋರು, ಅದಕ್ಕೇ ಮಾತು ತೊದಲ್ತಿದೆ."

ತಜ್ಞ ಆಗಷ್ಟೇ ರೆಕಾರ್ಡ್ ಗುಂಡಿ ಒತ್ತಿ, ಮೈಕಿನ ಧೂಳು ಒರೆಸಲು ಒಳಗೆ ಹೋಗಿದ್ದ. ಹೊರಗೆ ಬಂದವನಿಗೆ ಸಾಹೇಬರು, "ಗೋಡೆ ಆಚೆ ಮಾತು ಕೇಳುತ್ತಂತಲ್ಲ, ಎಲ್ಲಿ, ತೋರಿಸಿ ನೋಡೋಣ" ಎಂದರು, ಅರ್ಧ ಬಾಯಲ್ಲಿ. ತಜ್ಞ ತೋರಿಸಿದ. 'ನೀರಿನ ಟ್ಯಾಂಕಿನ ಮೇಲೇ ನಿಂತಿದ್ದೀನಿ ಹಾರ್' ಎಂದಿತು ಲ್ಯಾಪ್‌ಟಾಪು.

ಸಾಹೇಬರ ಮುಖದಲ್ಲಿ, ಮರಗಟ್ಟದ ಅರ್ಧ ಭಾಗವೂ ಮರಗಟ್ಟಿತು.

"ಇದು... ಇದು ಹಾರ್ವಜನಿಕ ನೆಮ್ಮದಿಗೆ ಭಂಗ," ಎಂದವರೇ ಒಳಗೆ ನುಗ್ಗಿ, ಮೈಕಿನ ವೈರು ಕಿತ್ತು, ಮೈಕನ್ನು ತಮ್ಮ ಸ್ವೆಟರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. "ಜಪ್ತಿ!"

"ಸಾರ್, ಇವತ್ತು ಸಂಜೆಯೊಳಗೆ ಇವಳ ಪಾಠ ಕಳಿಸಬೇಕು ಸಾರ್!"

"ಹೋಮವಾರ ಆಫೀಸಿಗೆ ಬನ್ನಿ!" ಎಂದು ಸಾಹೇಬರು ಮೆಟ್ಟಿಲಿಳಿದರು.

ತಜ್ಞ ನೆಲದ ಮೇಲೆ ಕುಸಿದು ಕೂತ. ಹೆಂಡತಿ ಬೆಂಚಿನ ಮೇಲೆ ಕೂತು, ಪಾಠದ ಹಾಳೆ ತೆಗೆದು, ಯಾರಿಗೂ ಅಲ್ಲ ಎಂಬಂತೆ ಮೊದಲಿನಿಂದ ಕೊನೆಯವರೆಗೆ ಓದಿದಳು. "ಇಷ್ಟು ದಿನ ಕಲಿತಿದ್ದೀನಿ. ಅಮ್ಮನಾದ್ರೂ ಕೇಳಲಿ" ಎಂದಳು. ಅತ್ತೆ ಬಟಾಣಿ ಪಕ್ಕಕ್ಕಿಟ್ಟು ಕೇಳಿದರು.

ಸಾಹೇಬರಿಗೆ ಕೇಳಿಸಿದ ಮೇಲೆ ಹೆಂಡತಿಯ ಓದಿಗೆಂದು ಮತ್ತೆ ರೆಕಾರ್ಡಿಗೆ ಹಾಕಿಟ್ಟಿದ್ದ ಸಾಫ್ಟ್‌ವೇರನ್ನು ನಿಲ್ಲಿಸಲು ಎದ್ದ ತಜ್ಞ, ಪರದೆ ನೋಡಿ ಹಾಗೇ ನಿಂತ. ಗೆರೆಗಳು ಕುಣಿದಿದ್ದವು. ಹೆಡ್‌ಫೋನ್ ಹಾಕಿಕೊಂಡ. ಪಾಠ ಪೂರ್ತಿ ಬಂದಿತ್ತು.

"ಅಲ್ಲಿಂದಲೂ ಕೇಳ್ತಾ ಇದೆ!" ಎಂದು ಕೂಗಿದ. "ಪುರಸಭೆಯಿಂದ!"

"ವೈರಿಲ್ಲದೇನಾ ಅಳಿಯಂದ್ರೇ?"

"ವೈರಿದ್ದಾಗಲೇ ಗೋಡೆ ದಾಟಿತ್ತು ಅತ್ತೆ. ಇಷ್ಟು ದಿನ ವೈರು ಅದನ್ನ ಕಟ್ಟಿಹಾಕಿತ್ತು. ಈಗ ಬಿಚ್ಚಿಬಿಟ್ಟಿದ್ದಾರೆ!"

ಹೆಂಡತಿಗೆ ಅನುಮಾನವಿತ್ತು, ಸಮಯವಿರಲಿಲ್ಲ. ಕಳಿಸಿಬಿಟ್ಟಳು. ಮೈಕು ಹೋಯಿತೆಂದು ನಿರಾಳವಾಗಿ ಹಲ್ಲು ಕೊರೆಯುತ್ತಿದ್ದ ಡಾಕ್ಟರು, ಎದುರು ಬಾಗಿಲ ಸಂದಿಯಿಂದ ಇದನ್ನೆಲ್ಲ ಕೇಳಿ, ಆಗಲೇ ಸಾಹೇಬರಿಗೆ ಫೋನ್ ಮಾಡಿದ್ದರು: "ಸಾರ್, ಎಲ್ಲಿದ್ದೀರ? ಮಾತಾಡಬೇಡಿ!"

ಸೋಮವಾರ ಬೆಳಿಗ್ಗೆ ಕಂಪನಿಯ ಹುಡುಗಿ ಫೋನ್ ಮಾಡಿದಳು. ತಜ್ಞನಿಗೂ ಕೇಳಲಿ ಎಂದು ಹೆಂಡತಿ ಸ್ಪೀಕರ್ ಹಾಕಿದಳು.

"ಮೇಡಂ, ಓದಿದ್ದು ತುಂಬ ಚೆನ್ನಾಗಿದೆ. ಇನ್ನೊಬ್ಬರಿಗಿಂತ ನಿಮ್ದೇ ಇಷ್ಟ ಆಯ್ತು. ಆದ್ರೆ ಸೌಂಡ್ ಹೀಗಾದ್ರೆ ಆಗಲ್ಲ. ಹಿಂದೆ ಏನೋ ಕೊರೆಯೋ ಸದ್ದಿದೆ, ಯಾರೋ ನರಳ್ತಿದ್ದಾರೆ. ಇದನ್ನ ಲ್ಯಾಪ್‌ಟಾಪಿನ ಮೈಕಲ್ಲೇ ಮಾಡಿದ್ದೀರಲ್ವಾ?"

"ಇಲ್ಲಮ್ಮ, ನಮ್ಮದು ದೊಡ್ಡ ಮೈಕು," ಎಂದ ತಜ್ಞ ನಡುವೆ ಬಾಯಿ ಹಾಕಿ.

"ಸಾರ್, ಸೆಟ್ಟಿಂಗ್ ತೆಗೆದು ನೋಡಿ. ಮೊದಲನೇ ಹೆಸರು ಇರುತ್ತೆ, ಅದು ಲ್ಯಾಪ್‌ಟಾಪಿಂದು. ಎಲ್ರೂ ಮಾಡೋ ತಪ್ಪೇ. ಎರಡನೇದು ಒತ್ತಿ. ಇವತ್ತು ಸಂಜೆಯೊಳಗೆ ಮತ್ತೆ ಕಳಿಸಿ ಮೇಡಂ, ಆಮೇಲೆ ನನ್ನ ಕೈಲಿಲ್ಲ."

ಹೆಂಡತಿ ಲ್ಯಾಪ್‌ಟಾಪು ತೆರೆದಳು. ನೋಡಿದಳು. ಪರದೆಯನ್ನು ಗಂಡನ ಕಡೆ ತಿರುಗಿಸಿದಳು. ತಜ್ಞ ನೋಡಿದ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದ.

"ಚಾಳೀಸು ಮೈಕಿಗಲ್ಲ," ಎಂದಳು.

ಗಂಡ ಹೆಂಡತಿ ಪುರಸಭೆಗೆ ಓಡಿದರು. ದೂರು ವಿಭಾಗ ಎಂದೂ ಇಲ್ಲದಷ್ಟು ನಿಶ್ಶಬ್ದವಾಗಿತ್ತು. ಮೈಕು ಕಬ್ಬಿಣದ ಬೀರುವಿನಲ್ಲಿತ್ತು. ಬೀರುವಿನ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಎರಡು ದಿಂಬು. ಗುಮಾಸ್ತರೆಲ್ಲ ಸನ್ನೆಯಲ್ಲಿ ವ್ಯವಹರಿಸುತ್ತಿದ್ದರು. 'ನಾಳೆ ಬನ್ನಿ' ಎಂದು ಬಾಯಿ ಬಿಟ್ಟು ಹೇಳಲು ಯಾರಿಗೂ ಧೈರ್ಯವಿಲ್ಲದ್ದರಿಂದ ಬಂದವರ ಕೆಲಸವೆಲ್ಲ ಅಂದೇ ಆಗುತ್ತಿತ್ತು. ನಲ್ಲಿಯ ದೂರು ತಂದಿದ್ದ ಮುದುಕರೊಬ್ಬರು, ಕೆಲಸ ಮುಗಿದರೂ ನಂಬಲಾಗದೆ ಅಲ್ಲೇ ನಿಂತಿದ್ದರು.

ತಜ್ಞ ಸಾಹೇಬರ ಮೇಜಿನ ಮುಂದೆ ನಿಂತು ಕೈ ಮುಗಿದ.

"ಸಾರ್, ಅದು ಸಾಧಾರಣ ಮೈಕು. ಗೋಡೆ ಆಚೆಯದು ಅದಕ್ಕೆ ಕೇಳಲ್ಲ. ಅವತ್ತು ಲ್ಯಾಪ್‌ಟಾಪಿಗೆ ಕೇಳಿಸಿದ್ದು. ನಾನು ಗುಂಡಿ ತಪ್ಪಾಗಿ ಒತ್ತಿದ್ದೆ."

ಸಾಹೇಬರು ತುಟಿಗೆ ಬೆರಳಿಟ್ಟು, ಪಿಸುಮಾತಿನಲ್ಲಿ, "ಯಂತ್ರ ಬಿಡಿಸಿಕೊಳ್ಳೋಕೆ ಹೀಗೆಲ್ಲ ಸುಳ್ಳು ಹೇಳಬಾರದು ತಜ್ಞರೇ" ಎಂದರು.

"ನಾನು ತಜ್ಞ ಅಲ್ಲ ಸಾರ್! ನಾನು ಕನ್ನಡಕ ಮಾರೋನು. ನನಗೆ ಸೌಂಡ್ ಬಗ್ಗೆ ಏನೂ ಗೊತ್ತಿಲ್ಲ."

"ನೋಡಿ, ಎಷ್ಟು ವಿನಯ!" ಎಂದು ಸಾಹೇಬರು ಪಕ್ಕದ ಗುಮಾಸ್ತರ ಕಿವಿಯಲ್ಲಿ ಹೇಳಿದರು. "ದೊಡ್ಡ ತಜ್ಞರೇ ಇರಬೇಕು."

"ಸಾರ್, ಆಣೆ ಮಾಡಿ ಹೇಳ್ತೀನಿ, ನಾನೊಬ್ಬ ದಡ್ಡ!"

ಗುಮಾಸ್ತರು ಗೌರವದಿಂದ ಎದ್ದು ಕುರ್ಚಿ ಕೊಟ್ಟರು. ಅಲ್ಲಿಯವರೆಗೆ ಅವನು ಆಡಿದ ಬೇರಿಂಗಿನ ಮಾತನ್ನೆಲ್ಲ ನಂಬಿದ ಲೋಕ, ಇದೊಂದು ನಿಜಕ್ಕೆ ಸಾಕ್ಷಿ ಕೇಳುತ್ತಿತ್ತು. ಗೋಡೆಯ ಗಡಿಯಾರ ಮಧ್ಯಾಹ್ನದ ಕಡೆ ನಡೆದಿತ್ತು. ತಜ್ಞನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಹೆಂಡತಿ ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ಆಸ್ಪತ್ರೆಯ ಟೆಲಿಫೋನಿನಲ್ಲಿ ಇಷ್ಟು ವರ್ಷ ಆಡಿದ, ಅರ್ಧ ಕಾಯಿಲೆ ವಾಸಿಮಾಡುವ ದನಿಯಲ್ಲಿ ಹೇಳಿದಳು:

"ಇರಲಿ ಬಿಡಿ ಸಾರ್. ಇಲ್ಲೇ ಇಟ್ಕೊಳ್ಳಿ. ಮೇಲಧಿಕಾರಿಗಳು ಬಂದು ಕೇಳಿದ್ರೆ ಕೊಡೋಕೂ ಅನುಕೂಲ. ಒಂದೇ ವಿಷಯ ಏನಂದ್ರೆ, ಅದನ್ನ ಆಫ್ ಮಾಡೋದು ಹೇಗೆ ಅಂತ ನಮಗೂ ಗೊತ್ತಿಲ್ಲ."

ಸಾಹೇಬರು ಅವಳನ್ನು ನೋಡಿದರು. ಬೀರುವನ್ನು ನೋಡಿದರು. ಎದ್ದು ಬೀರುವಿನ ಬೀಗ ತೆಗೆದರು. ಮೈಕನ್ನು ಎರಡೂ ಕೈಯಲ್ಲಿ, ಮಲಗಿದ ಕೂಸನ್ನು ಎತ್ತಿಕೊಳ್ಳುವಂತೆ ಎತ್ತಿ ಅವಳಿಗೆ ಕೊಟ್ಟು, ಅದಕ್ಕೆ ಕೇಳುವ ಹಾಗೆ, "ಪುರಸಭೆಯ ಎಲ್ಲ ನೌಕರರೂ ಪ್ರಾಮಾಣಿಕರು" ಎಂದರು. ಬೇಗ ತಲುಪಲಿ ಎಂದು ಆಫೀಸಿನ ಜೀಪೂ ಕೊಟ್ಟರು.

ಜೀಪಿನಲ್ಲಿ ತಜ್ಞ ಮೈಕಿನ ಧೂಳು ಒರೆಸಿದ. ಆಮೇಲೆ, "ನಾನು ನಿಜಾನೇ ಹೇಳಿದ್ದಲ್ವೇನೇ?" ಎಂದ.

"ಹೂಂ ರೀ. ಅಭ್ಯಾಸ ಇಲ್ಲ ನಿಮಗೆ, ಅದಕ್ಕೇ ಹಾಗಾಯ್ತು."

"ಇನ್ನು ಮೇಲೆ ನಿಜಾನೇ ಹೇಳ್ತೀನಿ. ಮೊದಲು ಆ ಡಾಕ್ಟ್ರಿಗೆ, ಯಜಮಾನ್ರಿಗೆ ಎಲ್ಲ ಹೇಳಿಬಿಡ್ತೀನಿ. ಮೇಷ್ಟ್ರಿಗೂ."

"ಮೊದಲು ನಾನು ಓದ್ತೀನಿ," ಎಂದಳು.

ಅವಳಿಗೆ ಕೆಲಸ ಸಿಕ್ಕಿತೋ ಇಲ್ಲವೋ ಎಂದು ಯಾರನ್ನೂ ಕಾಯಿಸುವುದಿಲ್ಲ. ಸಿಕ್ಕಿತು. ಆ ಸಂಜೆ ಕಳಿಸಿದ ಪಾಠಕ್ಕೇ ಸಿಕ್ಕಿತು. ಈಗ ಊರೂರಿನ ಮಕ್ಕಳು ಅವಳ ದನಿಯಲ್ಲಿ ಪಾಠ ಕೇಳುತ್ತಾರೆ, ಕೆಲವರು ನಿದ್ದೆಯನ್ನೂ ಮಾಡುತ್ತಾರಂತೆ. ಆದರೆ ಆ ಪಾಠ ಅಷ್ಟು ಚೊಕ್ಕವಾಗಿ ಬಂದದ್ದು ಹೇಗೆ ಎಂಬುದನ್ನು ಹೇಳಲೇಬೇಕು.

ಹೆಂಡತಿ ಮೈಕನ್ನು ತಾನೇ ಜೋಡಿಸಿದಳು. ಪರದೆಯ ಪ್ರಶ್ನೆಗಳನ್ನು ಒಂದೊಂದಾಗಿ ಓದಿ ಒತ್ತಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬೆಂಚಿನ ಮೇಲೆ ತಜ್ಞ ಹೆಡ್‌ಫೋನ್ ಹಾಕಿ ಕೂತ. ಬಾವಿಯಿಲ್ಲ, ಬಟಾಣಿಯಿಲ್ಲ. ಅವಳ ದನಿಯೊಂದೇ. ಜೇನುಹುಳು ಗೂಡು ಬಿಟ್ಟು ಹೊರಟಿತ್ತು.

ಎದುರು ಬಾಗಿಲು ಇಷ್ಟೇ ಇಷ್ಟು ತೆರೆಯಿತು. ಡಾಕ್ಟರು ತಲೆ ಹೊರಗೆ ಹಾಕಿದರು. ಕೈಯಲ್ಲಿ ಹಲ್ಲು ಕೊರೆಯುವ ಯಂತ್ರ. ಎರಡು ಪದರವಲ್ಲ, ಇಪ್ಪತ್ತು ಪದರ ಕಂಬಳಿಯನ್ನಾದರೂ ಸೀಳಿಕೊಂಡು ಹೋಗುವ ಸದ್ದು ಅದರದು. ಒಳಗೆ ಕುರ್ಚಿಯಲ್ಲಿ ದಪ್ಪನೆಯ ರೋಗಿಯೊಬ್ಬರು ಬಾಯಿ ತೆರೆದು ಮಲಗಿದ್ದರು.

"ತಜ್ಞರೇ," ಎಂದು ಡಾಕ್ಟರು ಪಿಸುಗುಟ್ಟಿದರು. "ಅದು ರಿಪೇರಿ ಆಗಿದೆ, ಇನ್ನು ಹೊರಗಿಂದು ಏನೂ ಕೇಳಲ್ಲ ಅಂತ ಯಜಮಾನ್ರಿಗೆ ನಿಮ್ಮತ್ತೆ ಹೇಳಿದ್ರಂತೆ. ನಿಜಾನಾ? ನಾನು ಶುರು ಮಾಡ್ಲಾ?"

ತಜ್ಞ ಬಾಯಿ ತೆರೆದ. ನಿಜ ಹೇಳುತ್ತೇನೆಂದು ಜೀಪಿನಲ್ಲಿ ಮಾತು ಕೊಟ್ಟು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಡಾಕ್ಟರ ಕೈಯಲ್ಲಿದ್ದ ಯಂತ್ರ ನೋಡಿದ. ಕಿವಿಯಲ್ಲಿ ಜೇನುಹುಳು ಹೂವಿನ ಹತ್ತಿರ ಬಂದಿತ್ತು. ಬೆಂಚಿನ ತುದಿಯಿಂದ ಅತ್ತೆ ಅಳಿಯನ ಮುಖವನ್ನೇ ನೋಡುತ್ತಿದ್ದರು.

"ಕೇಳುತ್ತೆ," ಎಂದ. ಅಲ್ಲಿಯವರೆಗೆ ಗೊತ್ತಿಲ್ಲದೆ ಹೇಳುತ್ತಿದ್ದ ಸುಳ್ಳನ್ನು ಮೊದಲ ಬಾರಿಗೆ ಗೊತ್ತಿದ್ದು ಹೇಳಿದ. "ಮೊದಲಿಗಿಂತ ಜಾಸ್ತಿ ಕೇಳುತ್ತೆ. ಉಸಿರೂ ಮೆಲ್ಲಗೆ ಬಿಡಿ."

ಡಾಕ್ಟರು ಯಂತ್ರವನ್ನು ಹತ್ತಿಯ ಮೇಲೆ ಮಲಗಿಸಿ, ಚಪ್ಪಲಿ ಬಿಟ್ಟು, ತುದಿಗಾಲಲ್ಲಿ ಹಿಂದೆ ಸರಿದರು. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಕಟ್ಟಡದಲ್ಲಿ ಒಂದು ಸೊಲ್ಲಿಲ್ಲ. ಒಳಗೆ ಅವಳು ಪಾಠ ಮುಗಿಸುವವರೆಗೂ, ಮುಚ್ಚಲು ಯಾರೂ ಹೇಳದ್ದರಿಂದ, ಆ ರೋಗಿ ಬಾಯಿ ತೆರೆದುಕೊಂಡೇ ಇದ್ದರು.